ನಾಲ್ಕು ಗಿಟಾರು, ನಾಲ್ಕು ನೆಪ

ಮಳವಳ್ಳಿ ಹತ್ತಿರದ ಬ್ಲಫ್ ಎಂಬ ಊರಿನ ಪವರ್ ಹೌಸಿನಲ್ಲಿ ಇಪ್ಪತ್ತೆರಡು ವರ್ಷದಿಂದ ಆಪರೇಟರ್ ಆಗಿರುವ ಮಹದೇವುವಿಗೆ ಎರಡು ವಿಷಯದಲ್ಲಿ ಅನುಮಾನವೇ ಇರಲಿಲ್ಲ. ಒಂದು, ತಾನು ಒಳ್ಳೆಯ ಗಿಟಾರ್ ವಾದಕ. ಎರಡು, ತನ್ನ ಬಳಿ ಒಳ್ಳೆಯ ಗಿಟಾರ್ ಇಲ್ಲ. ಮೊದಲನೆಯದನ್ನು ನಂಬಿದವನು ಅವನೊಬ್ಬನೇ. ಎರಡನೆಯದನ್ನು ಮಾತ್ರ ಇಡೀ ಕ್ವಾರ್ಟರ್ಸು ನಂಬಿತ್ತು, ಏಕೆಂದರೆ ಅವನೇ ಮನೆಮನೆಗೆ ಹೋಗಿ ಹೇಳಿದ್ದ.

ಹಾಗೆಂದು ಗಿಟಾರಿಗೇನೂ ಬರ ಇರಲಿಲ್ಲ, ನಾಲ್ಕಿದ್ದವು. ಮೊದಲ ಸಂಬಳದಲ್ಲಿ ಮೈಸೂರಿನಿಂದ ತಂದದ್ದರ ಕತ್ತು ಬಾಗಿತ್ತು. ವರ್ಗವಾಗಿ ಹೋದ ಗೆಳೆಯನೊಬ್ಬ ಬಿಟ್ಟುಹೋದದ್ದರ ಮೂರನೇ ತಂತಿ ಜೀರುಂಡೆಯ ಹಾಗೆ ಕಿರ್‌ಗುಟ್ಟುತ್ತಿತ್ತು. ಮದ್ದೂರಿನಲ್ಲಿ ಕೊಂಡ ನೀಲಿ ಗಿಟಾರು ಬಿರುಕು ಬಿಟ್ಟು ಅಂಟು ಹಾಕಿಸಿಕೊಂಡಿತ್ತು. ಮೊಬೈಲಿನಲ್ಲಿ ಆರ್ಡರ್ ಮಾಡಿ ತರಿಸಿದ್ದು ಮದುಮಗನ ಹಾಗೆ ಮಿಂಚುತ್ತಿತ್ತು, ಅಷ್ಟೇ. ನಾಲ್ಕಕ್ಕೂ ಇದ್ದ ಕಾಯಿಲೆ ಒಂದೇ: ಶ್ರುತಿ ಮಾಡಿ ಮೂರು ನಿಮಿಷವಾಗುವಷ್ಟರಲ್ಲಿ ತಂತಿಗಳು ಸಡಿಲವಾಗುತ್ತಿದ್ದವು.

ಈ ಕಾಯಿಲೆಗಳಿಂದ ಮಹದೇವುವಿಗೆ ಆದ ಉಪಕಾರ ಅಷ್ಟಿಷ್ಟಲ್ಲ. ಹಾಡು ಎಲ್ಲಿ ಕೆಟ್ಟರೂ ಅದಕ್ಕೊಂದು ಕಾರಣ ಗಿಟಾರಿನಲ್ಲೇ ಸಿದ್ಧವಿರುತ್ತಿತ್ತು. ಕಷ್ಟದ ಹಾಡು ನುಡಿಸುವ ದಿನ ಅವನು ಬೇಕೆಂದೇ ಬಾಗಿದ ಕತ್ತಿನದನ್ನು ಎತ್ತಿಕೊಳ್ಳುತ್ತಿದ್ದ.

ಅವನ ಮಗಳು ಅರ್ಪಿತ ಮಳವಳ್ಳಿಯಲ್ಲಿ ಡಿಗ್ರಿ ಓದುತ್ತಿದ್ದಳು. ಒಳ್ಳೆಯ ಕಂಠ. ಆ ವರ್ಷದ ಅಂಬೇಡ್ಕರ್ ಜಯಂತಿಗೆ ಮಳವಳ್ಳಿಯ ವೇದಿಕೆಯಲ್ಲಿ ಹಾಡಲು ಅವಳನ್ನು ಕರೆದರು. ಮಗಳ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುವ ಕನಸನ್ನು ಮಹದೇವು ಅವಳು ತೊದಲು ಮಾತಾಡುವಾಗಿನಿಂದ ಕಾಣುತ್ತ ಬಂದಿದ್ದ. ಅವಳು ನೋಡಿದರೆ ಕೀಬೋರ್ಡು ನುಡಿಸಲು ಕಾಲೇಜಿನ ಯತೀಶನಿಗೆ ಹೇಳಿಬಿಟ್ಟಿದ್ದಳು.

"ನಾನೇ ಬಾರುಸ್ತೀನಿ ಅಂತ ಇದ್ನಲ್ಲವ್ವ," ಎಂದ ಮಹದೇವು.

"ಗಿಟಾರು ಸರಿಯಿಲ್ಲ ಅಂತ ದಿನಾ ಯೇಳೋನು ನೀನೇ ಅಲ್ವಾ ಅಪ್ಪ?"

ಅವನಿಗೆ ನೋವಾಯಿತು. ಆದರೆ ಆ ಮಾತಿಗೆ ಎದುರಾಡುವಂತಿರಲಿಲ್ಲ, ಅದು ಅವನದೇ ಮಾತು. ಒಳ್ಳೆಯ ಗಿಟಾರು ಬಂದರೆ ತಾನೇ ನುಡಿಸಬೇಕೆಂದು ಮಗಳಿಂದ ಮಾತು ತೆಗೆದುಕೊಂಡ. ಹೊಸ ಸ್ಕೂಟರಿಗೆಂದು ಕೂಡಿಟ್ಟಿದ್ದ ಹಣವನ್ನೆಲ್ಲ ಹಿಡಿದು ಭಾನುವಾರ ಮೈಸೂರಿಗೆ ಹೋದ. ಇರುವುದಾದರೆ ಒಂದೇ ಇರಬೇಕು, ಅದು ಒಳ್ಳೆಯದಿರಬೇಕು ಎಂದು ಮನೆಯವರಿಗೆಲ್ಲ ಭಾಷಣ ಬಿಗಿದ. ಹೈಸ್ಕೂಲ್ ಮೇಡಂ ಆಗಿದ್ದ ಹೆಂಡತಿ ಅರುಂಧತಿ, ಹಾಗಾದರೆ ಬೀರುವಿನಲ್ಲಿರುವ ನಿಮ್ಮ ಹನ್ನೊಂದು ಅಂಗಿಗಳಲ್ಲಿ ಹತ್ತನ್ನು ಯಾರಿಗಾದರೂ ಕೊಟ್ಟುಬಿಡಲೇ ಎಂದು ಕೇಳಿದಳು. ಅವನು ಅಂಗಿ ಕೊಡಲಿಲ್ಲ. ಗಿಟಾರುಗಳನ್ನು ಕೊಟ್ಟ. ಒಂದು ಬೆಸಗರಹಳ್ಳಿಯ ತಂಗಿಯ ಮನೆಗೆ ಹೋಯಿತು, ಎರಡು ಕ್ವಾರ್ಟರ್ಸಿನ ಅಕ್ಕಪಕ್ಕದ ಮನೆ ಸೇರಿದವು, ಕತ್ತು ಬಾಗಿದ್ದು ಕಿರುಗಾವಲಿನಲ್ಲಿ ಗೆಳೆಯ ಸಿದ್ದರಾಮುವಿನ ಟೀ ಅಂಗಡಿಯ ಗೋಡೆಗೇರಿತು.

ಹೊಸ ಗಿಟಾರು ಮಖಮಲ್ಲಿನ ಪೆಟ್ಟಿಗೆಯಲ್ಲಿ ಬಂತು. ಮಹದೇವು ಸೋಪು ಹಾಕಿ ಕೈ ತೊಳೆದು ಅದನ್ನು ತೊಡೆಯ ಮೇಲಿಟ್ಟುಕೊಂಡ. ಒಂದು ಸಲ ಮೀಟಿದ್ದಕ್ಕೇ ನಾದ ಅಡುಗೆಮನೆವರೆಗೂ ಹೋಗಿ ತುಂಬಿಕೊಂಡಿತು. ಅವನ ಕಣ್ಣಲ್ಲಿ ನೀರು ಬಂತು. ಮಗಳ ಹಾಡನ್ನೇ ಶುರುಮಾಡಿದ. ಎರಡನೇ ಚರಣಕ್ಕೆ ಬಂದಾಗ, ಯಾವಾಗಲೂ ಕೆಡುತ್ತಿದ್ದ ಜಾಗದಲ್ಲೇ ಹಾಡು ಕೆಟ್ಟಿತು.

ಕತ್ತು ನೋಡಿದ, ನೆಟ್ಟಗಿತ್ತು. ಮೂರನೇ ತಂತಿ ಮೀಟಿದ, ಕಿರ್‌ಗುಟ್ಟಲಿಲ್ಲ. ಬಿರುಕಿಗಾಗಿ ಟಾರ್ಚು ಬಿಟ್ಟು ಹುಡುಕಿದ. ಕಾಲು ಗಂಟೆಯಾದರೂ ಶ್ರುತಿ ಅಲುಗಲಿಲ್ಲ. ಆ ಕೋಣೆಯಲ್ಲಿ ಬಯ್ಯಲು ಇನ್ನು ಉಳಿದವನು ತಾನೊಬ್ಬನೇ ಎಂದು ತಿಳಿದಾಗ ಮಹದೇವುವಿಗೆ ನಿಜವಾಗಿಯೂ ಹೆದರಿಕೆಯಾಯಿತು. ಪೆಟ್ಟಿಗೆ ಮುಚ್ಚಿಟ್ಟ.

ಮಾರನೆಯ ದಿನ ಶಿಫ್ಟು ಮುಗಿಸಿ ಬಂದಾಗ ಪೆಟ್ಟಿಗೆ ತೆರೆದಿತ್ತು. ಮನೆಗೆ ಮಿಕ್ಸಿ ಬರಲಿ, ಫ್ರಿಜ್ಜು ಬರಲಿ, ಅರಿಸಿನ ಕುಂಕುಮ ಇಡದೆ ಬಳಸಲು ಬಿಡದ ಅವನ ಅವ್ವ ಪಟ್ಟಲಮ್ಮ, ಗಿಟಾರಿನ ಬಿಳಿ ಮರದ ಎದೆಗೆ ಒದ್ದೆ ಅರಿಸಿನವನ್ನು ಧಾರಾಳವಾಗಿ ಬಳಿದು, ನಡುವೆ ಕುಂಕುಮ ಇಟ್ಟಿದ್ದಳು. ಒರೆಸಿದಷ್ಟೂ ಅದು ಅಗಲವಾಯಿತು. ಮಹದೇವು ಕೂಗಾಡಿದ.

"ಸ್ಕೂಟ್ರಿಗೆ ಇಕ್ದಾಗ ಸುಮ್ಕಿದ್ದೆ. ಇದುಕ್ಕೇನ್ಲಾ ಬಂದಿರಾದು?" ಎಂದಳು ಪಟ್ಟಲಮ್ಮ.

ಹತ್ತು ನಿಮಿಷ ಕೂಗಾಡಿದವನು ಹನ್ನೊಂದನೆಯ ನಿಮಿಷಕ್ಕೆ ಗಕ್ಕನೆ ನಿಂತ. ಮುಖ ಅರಳಿತು. ಸಂಜೆಯೊಳಗೆ ಕ್ವಾರ್ಟರ್ಸಿಗೆಲ್ಲ ಸುದ್ದಿ ಮುಟ್ಟಿತ್ತು: ಎಂಥಾ ಗಿಟಾರು ತಂದಿದ್ದೆ, ಮರದೊಳಕ್ಕೆ ಅರಿಸಿನ ಇಳಿದು ನಾದವೇ ಕೆಟ್ಟುಹೋಯಿತು.

ಅರ್ಪಿತ ಇದನ್ನು ನಂಬಲಿಲ್ಲ. ಹಳೆಯ ಸ್ಕೂಟರಿನಲ್ಲಿ ಕಿರುಗಾವಲಿಗೆ ಹೋಗಿ, ಸಿದ್ದರಾಮುವಿನ ಗೋಡೆಯಿಂದ ಕತ್ತು ಬಾಗಿದ್ದನ್ನು ಇಳಿಸಿಕೊಂಡು ಬಂದಳು. ಅಪ್ಪನನ್ನು ಕೂರಿಸಿ ಒಂದೇ ಹಾಡನ್ನು ಎರಡರಲ್ಲೂ ನುಡಿಸಲು ಹೇಳಿ ಮೊಬೈಲಿನಲ್ಲಿ ಸಮಯ ನೋಡಿದಳು. ಅವಳು ಹಾಡಿದರೆ ನಾಲ್ಕು ನಿಮಿಷ ಹಿಡಿಯುವ ಹಾಡು, ಎರಡು ಗಿಟಾರಿನಲ್ಲೂ ಮೂರು ನಿಮಿಷದೊಳಗೇ ಮುಗಿಯಿತು.

"ಅಪ್ಪ, ನಿಂಗೆ ಬಾರ್ಸಕ್ಕೆ ಬರಲ್ಲ ಅಂತಲ್ಲ. ನೀನು ಓಡ್ತೀಯ. ತಂತಿ ಸಡ್ಲ ಆಗೋದ್ರೊಳ್ಗೆ ಮುಗುಸ್ಬೇಕು ಅಂತ ಇಷ್ಟು ವರ್ಸ ಓಡಿ ಓಡಿ ಅದೇ ಕಲ್ತುಬುಟ್ಟಿದ್ದೀಯ."

ಮಹದೇವು ಕತ್ತು ಬಾಗಿದ್ದನ್ನು ಪಕ್ಕಕ್ಕಿಟ್ಟು ಹೊಸದನ್ನು ಎತ್ತಿಕೊಂಡ. ನಾಚಿಕೆಯಾಯಿತು, ಜೊತೆಗೆ ಸ್ವಲ್ಪ ಹಗುರವೂ ಆಯಿತು.

"ಈ ತಂತಿ ಎಲ್ಗೂ ಓಗಲ್ಲ ಅಪ್ಪ. ನಿಧಾನುಕ್ಕೆ ಬಾ," ಎಂದಳು ಅರ್ಪಿತ. ಕೊಟ್ಟ ಮಾತಿನಂತೆ ಯತೀಶನಿಗೆ ಬೇಡವೆಂದು ಫೋನು ಮಾಡಿದಳು.

ಎರಡು ವಾರ ದಿನಾ ಅಭ್ಯಾಸ ನಡೆಯಿತು. ಅವಳು ತೊಡೆ ತಟ್ಟುತ್ತ ತಾಳ ಹಾಕುವಳು, ಅವನು ಹಲ್ಲು ಕಚ್ಚಿಕೊಂಡು ನಿಧಾನ ಮಾಡುವನು. ಮನೆಯಲ್ಲಿ ಹಾಡು ನಾಲ್ಕು ನಿಮಿಷಕ್ಕೇ ಬಂತು.

ಜಯಂತಿಯ ದಿನ ಮೊದಲ ಚರಣ ಚೆನ್ನಾಗಿಯೇ ಆಯಿತು. ಎರಡನೆಯದಕ್ಕೆ ಮಹದೇವು ತಲೆಯೆತ್ತಿ ಜನರನ್ನು ನೋಡಿದ. ಕೈಯ ಓಟ ಶುರುವಾಯಿತು. ನಿಲ್ಲಿಸಲು ಹೋದರೆ ಇನ್ನೂ ಜೋರಾಯಿತು. ಅರ್ಪಿತ ತಿರುಗಿ ಅವನನ್ನು ನೋಡಿದಳು. ಮಗಳ ಹಾಡು ಕೆಡಿಸಿದೆ ಎಂದುಕೊಂಡ. ಅವಳು ಕಣ್ಣು ಕೆಕ್ಕರಿಸಲಿಲ್ಲ, ಕೈಸನ್ನೆ ಮಾಡಲಿಲ್ಲ. ಅವನು ಓಡಿದಷ್ಟೇ ಜೋರಾಗಿ ತಾನೂ ಹಾಡುತ್ತ ಬಂದಳು. ಇಬ್ಬರೂ ಕೊನೆಯ ಸಾಲಿಗೆ ಒಟ್ಟಿಗೇ ಬಂದು ನಿಂತರು. ಜನ ಜೋರಾಗಿ ಚಪ್ಪಾಳೆ ತಟ್ಟಿದರು. ಹಾಡು ನಾಲ್ಕು ನಿಮಿಷವೆಂದು ನಂಬಿ ಟೀ ಕುಡಿಯಲು ಹೋಗಿದ್ದ ಮುಂದಿನ ಭಾಷಣಕಾರರು ಇನ್ನೂ ಬಂದಿರಲಿಲ್ಲ.

ವೇದಿಕೆ ಇಳಿದಾಗ ಸಿದ್ದರಾಮು ಬಂದು ಹೆಗಲು ಹಿಡಿದ. ಇಷ್ಟು ವರ್ಷ ಕೇಳಿದ್ದೀನಿ, ಹಾಡುವವರ ಜೊತೆಗೇ ನೀನು ಮುಗಿಸಿದ್ದು ಇದೇ ಮೊದಲು ಎಂದ. ಅರಿಸಿನದ ಕಲೆಯ ಮೇಲೆ ಬೆರಳಾಡಿಸಿ, "ಅಂತೂ ಒಳ್ಳೆ ಗಿಟಾರು ತಂದೆ ಕಣ್ಲಾ," ಎಂದ.

ಕೆಟ್ಟಾಗ ಹೇಳಲು ಮಹದೇವುವಿನ ಹತ್ತಿರ ಇಪ್ಪತ್ತೆರಡು ವರ್ಷದ ಮಾತುಗಳಿದ್ದವು. ಹೊಗಳಿದಾಗ ಹೇಳಲು ಒಂದೂ ಇರಲಿಲ್ಲ. ಆಚೆ ನಿಂತು ನೀರು ಕುಡಿಯುತ್ತ ಇನ್ನೂ ಏದುಸಿರು ಬಿಡುತ್ತಿದ್ದ ಅರ್ಪಿತಳನ್ನು ನೋಡಿದ.

"ಗಿಟಾರಲ್ಲ ಕಣ್ಲಾ," ಎಂದ. "ನಾನು ಓಡ್ದೆ, ನನ್ ಮಗ್ಳೂ ಜೊತೇಲಿ ಓಡ್ಬಂದ್ಲು."