ಸೇರಿನೊಳಗಿನ ಗಾಳಿ

ನಾನು ಚಿಕ್ಕವಳಿದ್ದಾಗ ನಮ್ಮ ಅಪ್ಪ ಮಂಡಕ್ಕಿ ಅಳೆಯುವುದನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಕಂಪ್ಲಿಯ ಬಜಾರಿನಲ್ಲಿ ನಮ್ಮದೊಂದು ಸಣ್ಣ ಅಂಗಡಿ, ಅದರ ಹಿತ್ತಲಲ್ಲಿ ಭಟ್ಟಿ. ಅವ್ವ ದೊಡ್ಡ ಕಬ್ಬಿಣದ ಬಾಣಲೆಯಲ್ಲಿ ಮರಳು ಕಾಯಿಸಿ, ಉಪ್ಪುನೀರು ಹಾಕಿ ಹದ ಮಾಡಿದ ಅಕ್ಕಿಯನ್ನು ಅದಕ್ಕೆ ಸುರಿಯುತ್ತಿದ್ದಳು. ಚಟಚಟ ಸದ್ದಾಗಿ, ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಬಾಣಲೆಯ ತುಂಬ ಬೆಳ್ಳಗೆ ಮಂಡಕ್ಕಿ ಅರಳಿರುತ್ತಿತ್ತು. ಬಿಸಿ ಮರಳಿನ ವಾಸನೆ ನಮ್ಮ ಕೂದಲಿಗೂ ಕೌದಿಗೂ ಅಂಟಿಕೊಂಡಿರುತ್ತಿತ್ತು.

ಆಗ ಮಂಡಕ್ಕಿಯನ್ನು ತೂಗುತ್ತಿರಲಿಲ್ಲ, ಸೇರಿನಲ್ಲಿ ಅಳೆಯುತ್ತಿದ್ದರು. ಎದುರು ಅಂಗಡಿಯ ಸಾಹುಕಾರ ಮೇಲಿನಿಂದ ಹಗುರವಾಗಿ ಸುರಿದು, ಸೇರು ತುಂಬಿದ ಕೂಡಲೇ ಗಿರಾಕಿಯ ಚೀಲಕ್ಕೆ ಹಾಕಿಬಿಡುತ್ತಿದ್ದ. ಅವನದೇನೂ ಕಳ್ಳ ಸೇರಲ್ಲ. ನಮ್ಮ ಅಪ್ಪ ಮಾತ್ರ ತುಂಬಿದ ಸೇರನ್ನು ಕಲ್ಲಿನ ಮೇಲೆ ಮೂರು ಸಲ ಕುಕ್ಕುತ್ತಿದ್ದ. ಮಂಡಕ್ಕಿ ಕೆಳಗಿಳಿಯುತ್ತಿತ್ತು, ಮೇಲೆ ಇನ್ನೊಂದು ಬೊಗಸೆ ಹಾಕುತ್ತಿದ್ದ. ಇಬ್ಬರ ದರವೂ ಒಂದೇ! ಹೀಗಾದರೆ ನಮಗೆ ಉಳಿಯುವುದಾದರೂ ಏನು?

ಉಳಿಯುತ್ತಲೂ ಇರಲಿಲ್ಲ. ಆ ವರ್ಷ ಬಾಣಲೆಯ ತಳ ತೂತಾಯಿತು. ಅವ್ವ ತಗಡಿನ ತೇಪೆ ಹಾಕಿಸಿ ದಿನ ದೂಡುತ್ತಿದ್ದಳು. ಹೊಸದು ಕೊಳ್ಳಲು ರೊಕ್ಕ ಕೂಡದಿದ್ದರೆ ಸಂಡೂರಿನ ಗುಡ್ಡಕ್ಕೆ ಅದಿರು ಹೊರಲು ಹೋಗುತ್ತೇನೆ ಎಂದು ಅಪ್ಪ ಹೇಳಿದ್ದ. ಹಾಗೆ ಹೋದವರು ತಿಂಗಳುಗಟ್ಟಲೆ ಮನೆಯ ಮುಖ ನೋಡುತ್ತಿರಲಿಲ್ಲ. ಅಪ್ಪನಿಲ್ಲದ ಮನೆಯನ್ನು ನೆನೆದರೇ ನನಗೆ ಅಳು ಬರುತ್ತಿತ್ತು.

ಒಂದು ದಿನ ಅಪ್ಪ ಬಾಣಲೆಯ ಬೆಲೆ ವಿಚಾರಿಸಲು ಹೊಸಪೇಟೆಗೆ ಹೋದ. ಅಂಗಡಿಯಲ್ಲಿ ನಾನು, ಅಕ್ಕ ಇಬ್ಬರೇ. ಅಕ್ಕ ಸೇರು ಕೈಗೆತ್ತಿಕೊಂಡು ನನ್ನ ಕಿವಿಯಲ್ಲಿ ಅಂದಳು: "ಇವತ್ತ ಕುಕ್ಕೂದು ಬ್ಯಾಡ. ಅಪ್ಪ ಇಲ್ಲದಾಗೆಲ್ಲ ಹಿಂಗ ಮಾಡಿದ್ರ ಬಾಣಲಿ ಬರ್ತೈತಿ. ಆಮ್ಯಾಲೆ ಅಪ್ಪ ಎಲ್ಲೂ ಹೋಗಂಗಿಲ್ಲ."

ಕುಕ್ಕಲಿಲ್ಲ. ಗಿರಾಕಿಗಳು ಎಂದಿನಷ್ಟೇ ಬಂದರು, ಗಲ್ಲಾಪೆಟ್ಟಿಗೆಯಲ್ಲಿ ಎಂದಿನಷ್ಟೇ ರೊಕ್ಕ ಬಿತ್ತು. ಆದರೆ ಸಂಜೆಗೆ ಖಾಲಿಯಾಗಬೇಕಿದ್ದ ಚೀಲದಲ್ಲಿ ಕಾಲುಭಾಗ ಹಾಗೇ ಉಳಿದಿತ್ತು. ನಾವಿಬ್ಬರೂ ಕುಣಿದಾಡಿದೆವು.

ಅಪ್ಪ ಬಂದವನೇ ಗಲ್ಲಾಪೆಟ್ಟಿಗೆ ನೋಡಿದ, ಚೀಲ ನೋಡಿದ, ಆಮೇಲೆ ನಮ್ಮ ಮುಖ ನೋಡಿದ. ನಾವು ಬಾಯಿ ಬಿಡುವ ಮೊದಲೇ ಅವನಿಗೆ ಎಲ್ಲ ತಿಳಿದಿತ್ತು.

"ಸೇರು ಕಂಠಮಟ್ಟ ತುಂಬಿತ್ತಪ್ಪಾ," ಅಕ್ಕ ಜೋರಾಗಿಯೇ ಅಂದಳು. "ಮೋಸ ಎಲ್ಲೈತಿ ಇದರಾಗ?"

"ಮಂದಿ ರೊಕ್ಕ ಕೊಟ್ಟಿದ್ದು ಮಂಡಕ್ಕಿಗವ್ವಾ," ಅಂದ ಅಪ್ಪ. "ಗಾಳಿಗಲ್ಲ."

ಅಷ್ಟಕ್ಕೇ ಬಿಟ್ಟಿದ್ದರೆ ಆಗಿತ್ತು. ಬಿಡಲಿಲ್ಲ. ಯಾರು ಯಾರು ಬಂದಿದ್ದರು ಎಂದು ಅಕ್ಕನಿಂದ ಹೇಳಿಸಿದ. ಮರುದಿನ ಬೆಳಿಗ್ಗೆ ಅಂಗಡಿ ಮುಚ್ಚಿ, ಚೀಲ ಹೆಗಲಿಗೇರಿಸಿ, ನಮ್ಮಿಬ್ಬರನ್ನೂ ಕರೆದುಕೊಂಡು ಕೋಟೆಯ ಓಣಿಗಳಿಗೆ ಹೊರಟ. ಸೇರಿಗೆ ಒಂದು ಬೊಗಸೆಯಂತೆ ಮನೆಮನೆಗೆ ವಾಪಸ್ ಕೊಡಬೇಕಂತೆ! ಕಂಪ್ಲಿಯ ಬಿಸಿಲು ನಿಮಗೆ ಗೊತ್ತಲ್ಲ, ಮಕ್ಕಳೇ. ಬರಿಗಾಲಲ್ಲಿ ನಾವು ಹೆಜ್ಜೆಗೊಮ್ಮೆ ಕುಪ್ಪಳಿಸುತ್ತಿದ್ದೆವು.

ಜನ ಸುಮ್ಮನೆ ತೆಗೆದುಕೊಂಡರೇ? ಒಬ್ಬ ಮುದುಕಿ ಕಾಳನ್ನು ಹಲ್ಲಿನಲ್ಲಿ ಕಡಿದು ನೋಡಿ, "ಮೆತ್ತಗಾಗಿದ್ದನ್ನ ಹಂಚಾಕ ಬಂದೀರೇನು?" ಎಂದು ಗದರಿದಳು. ಇನ್ನೊಬ್ಬಳು ಕಡಿಮೆ ಅಳೆದಿದ್ದಕ್ಕೆ ಬೈದಳು, ತಂದುಕೊಟ್ಟಿದ್ದಕ್ಕೆ ಒಂದು ಒಳ್ಳೆಯ ಮಾತೂ ಆಡಲಿಲ್ಲ. ಮೂಲೆಮನೆಯವನಂತೂ ತಾನೇ ಮುಂದೆ ಬಂದು, "ನನಗೂ ಬರಬೇಕ್ರಿ, ಎರಡು ಸೇರು ಒಯ್ದಿದ್ದೆ," ಎಂದು ಪಂಚೆಯ ಸೆರಗೊಡ್ಡಿದ.

"ಅಪ್ಪಾ, ಆತ ನಿನ್ನಿ ಅಂಗಡಿ ಕಡೆ ತಲೀನ ಹಾಕಿಲ್ಲ!" ಅಕ್ಕ ಕಿರುಚಿದಳು.

ಅಪ್ಪ ಅವನಿಗೂ ಎರಡು ಬೊಗಸೆ ಹಾಕಿದ. "ಇರ್ಲಿ ಬಿಡವ್ವಾ. ನಿನ್ನಿ ಸುಳ್ಳು ಮಾಡಿದವ್ರು ನಾವು. ಇವತ್ತ ಯಾವ ಬಾಯಿಲೆ ಇನ್ನೊಬ್ಬರಿಗೆ ಸುಳ್ಳ ಅನ್ನೂದು?"

ಅಕ್ಕ ಅಲ್ಲೇ ನಡುಬೀದಿಯಲ್ಲಿ ಅತ್ತುಬಿಟ್ಟಳು. "ನೀ ಸಂಡೂರಿಗೆ ಹೋಗಬಾರದು ಅಂತ ಮಾಡಿದ್ದಪ್ಪಾ," ಅಂದಳು. ಅಪ್ಪ ಅವಳ ತಲೆ ಸವರಿದ. ಅವನ ಕಣ್ಣೂ ಒದ್ದೆಯಾಗಿತ್ತು. ಆದರೂ ಮುಂದಿನ ಮನೆಯ ಬಾಗಿಲು ತಟ್ಟಿದ.

ಎಂಟು ದಿನದಲ್ಲಿ ತೇಪೆ ಕಿತ್ತುಹೋಯಿತು. ಅಪ್ಪ ಬುತ್ತಿ ಕಟ್ಟಿಕೊಂಡು ಸಂಡೂರಿಗೆ ನಡೆದ. ಮೂರು ತಿಂಗಳು ಭಟ್ಟಿ ತಣ್ಣಗಿತ್ತು. ಅವ್ವ ಯಾರದೋ ಗದ್ದೆಗೆ ಕಳೆ ಕೀಳಲು ಹೋಗುತ್ತಿದ್ದಳು, ನಾವು ಅಂಬಲಿ ಕುಡಿದು ಮಲಗುತ್ತಿದ್ದೆವು. ಅಪ್ಪ ಮರಳಿ ಬಂದಾಗ ತಲೆಯ ಮೇಲೆ ಹೊಸ ಬಾಣಲೆಯಿತ್ತು, ಉಗುರಿನ ಸಂದಿಯಲ್ಲಿ ತೊಳೆದರೂ ಹೋಗದ ಅದಿರಿನ ಕೆಂಪು ಧೂಳಿತ್ತು. ಕೆನ್ನೆ ಒಳಗೆ ಹೋಗಿತ್ತು. ಅಪ್ಪನ ಒಳ್ಳೆಯತನಕ್ಕೆ ಗಿರಾಕಿಗಳು ಹೆಚ್ಚಾದರೇ ಎಂದು ನೀವು ಕೇಳುತ್ತೀರಿ. ಇಲ್ಲ, ಒಬ್ಬನೂ ಹೆಚ್ಚಾಗಲಿಲ್ಲ. ಎದುರು ಅಂಗಡಿಯ ಸಾಹುಕಾರ ಅಷ್ಟರಲ್ಲಿ ಮಾಳಿಗೆ ಕಟ್ಟಿಸಿದ್ದ.

ಮೊನ್ನೆ ಬಸ್ ನಿಲ್ದಾಣದಲ್ಲಿ ನೀವು ಚಿಪ್ಸ್ ಕೊಂಡಿರಿ. ಪೊಟ್ಟಣ ದಿಂಬಿನ ಹಾಗೆ ಉಬ್ಬಿತ್ತು, ಹರಿದರೆ ತಳದಲ್ಲಿ ಒಂದು ಹಿಡಿ. ನೀವು ನಕ್ಕು ಇನ್ನೊಂದು ಕೊಂಡಿರಿ. ನನಗೆ ತಡೆಯಲಾಗದೆ, ಒಳಗೆ ಬರೀ ಗಾಳಿ ಯಾಕೆ ಎಂದು ಅಂಗಡಿಯ ಹುಡುಗನನ್ನು ಕೇಳಿದೆ. "ಕಂಪನಿಯವ್ರು ಹಂಗ ಕಳಸ್ತಾರಜ್ಜಿ, ನಾವೇನು ಮಾಡೂದ್ರಿ?" ಅಂದ. ಪಾಪ, ಅವನಾದರೂ ಏನು ಮಾಡಿಯಾನು? ನೀವು "ಅಜ್ಜಿ, ಸುಮ್ಮನಿರು, ಎಲ್ಲರೂ ನೋಡುತ್ತಿದ್ದಾರೆ" ಎಂದು ನನ್ನ ಸೀರೆ ಜಗ್ಗಿದಿರಿ.

ಅಪ್ಪನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಆ ಮೂರು ತಿಂಗಳನ್ನು ನಾನು ಮರೆತಿಲ್ಲ. ಆದರೆ ಅಪ್ಪ ಅವತ್ತು ನನ್ನನ್ನು ಆ ಬಿಸಿಲಿನಲ್ಲಿ ನಡೆಸದೇ ಇದ್ದಿದ್ದರೆ, ಮೊನ್ನೆ ನಾನೂ ನಿಮ್ಮ ಹಾಗೆ ನಕ್ಕು ಇನ್ನೊಂದು ಪೊಟ್ಟಣ ಕೊಂಡಿರುತ್ತಿದ್ದೆ.