ಬೂದಕ್ಕನ ಕೆಂಪಂಗಿ

ಮುತ್ತಿನಂಗಡಿಯವರೆಲ್ಲ ಅವಳನ್ನು ಬೂದಕ್ಕ ಎನ್ನುತ್ತಿದ್ದರು. ಮುತ್ತಿನ ಬುದ್ಧಿಯೇ ಹಾಗೆ, ಎದುರಿಗಿದ್ದುದರ ಬಣ್ಣವನ್ನು ಮೈಮೇಲೆ ಎಳೆದುಕೊಂಡು ಯಾಮಾರಿಸುತ್ತದೆ. ಹಾಗಾಗಿ ಮುತ್ತು ವಿಂಗಡಿಸುವವರಿಗೆ ಬೂದು ಬಟ್ಟೆಯೇ ಗತಿ. ಅವಳೋ ಮನೆಯಲ್ಲೂ ಅದನ್ನೇ ತೊಡುತ್ತಿದ್ದಳು. ಇಷ್ಟಕ್ಕೂ ಗಂಡ ದರ್ಜಿ! "ಊರಿಗೆಲ್ಲ ಬಣ್ಣಬಣ್ಣದ್ದು ಹೊಲೀತೀನಿ, ಕಟ್ಕೊಂಡೋಳಿಗೆ ಮಾತ್ರ ಈ ಬೂದಿ" ಎಂದು ಗೊಣಗುತ್ತಲೇ ಇದ್ದ.

ಆ ದರ್ಜಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ವರ್ಷ ಕಳೆದ ಮೇಲೆ ಬೆರಳು ಆಡಿತು. ಆಡಿದ್ದೇ ತಡ, ಕೆಂಪು ಬಟ್ಟೆ ತರಿಸಿ ಹೆಂಡತಿಗೆ ಅಂಗಿ ಹೊಲಿಯಲು ಕೂತ. ಹೊಲಿಗೆಯೆಲ್ಲ ಸೊಟ್ಟಪಟ್ಟ. ಮುಗಿಸಿದ ಮರುದಿನ ಬೆಳಿಗ್ಗೆ, "ಇವತ್ತು ಇದನ್ನೇ ಹಾಕ್ಕೊಂಡು ಹೋಗೇ" ಎಂದ.

ಅವತ್ತೇ ಅಂಗಡಿಯಲ್ಲಿ ಪರೀಕ್ಷೆ. ಮುತ್ತಿನ ದರ್ಜೆ ಹೇಳುವ ಹಿರಿಯ ಪರೀಕ್ಷಕರು ಕೆಲಸ ಬಿಡುತ್ತಿದ್ದರು. ಕೊಟ್ಟ ರಾಶಿಯನ್ನು ಸರಿಯಾಗಿ ವಿಂಗಡಿಸಿದವರಿಗೆ ಅವರ ಜಾಗ. ಆ ಜಾಗಕ್ಕಾಗಿ ಅವಳು ಜೀವ ಬಿಡುತ್ತಿದ್ದಳು. ಸಿಕ್ಕ ಮೇಲೆ ಹೇಳಿದರಾಯಿತೆಂದು ಗಂಡನಿಗೆ ತಿಳಿಸಿರಲಿಲ್ಲ. ಆ ಕೈ ನೋಡಿ ಒಲ್ಲೆ ಎನ್ನಲು ಬಾಯಿ ಬಂದೀತೇ? ಅಂಗಡಿಯಲ್ಲಿ ಬೂದು ಕೋಟು ಇದೆಯಲ್ಲ, ಮೇಲೆ ಹಾಕಿಕೊಂಡರಾಯಿತು ಎಂದು ಹೊರಟಳು.

ಒಳಗೆ ಕಾಲಿಟ್ಟಳೋ ಇಲ್ಲವೋ, "ಅಯ್ಯೋ ಬೂದಕ್ಕಾ, ಏನ್ ಕಳೆ ಬಂದಿದೆ ನಿಂಗೆ! ದೃಷ್ಟಿ ಆಗತ್ತೆ ನೋಡು" ಎಂದು ಎಲ್ಲ ಸುತ್ತುವರಿದರು. ಅವಳು ಉಬ್ಬಿಹೋದಳು. ಕೋಟು ಗೂಟದಲ್ಲೇ ಉಳಿಯಿತು.

ಕಿಟಕಿಯ ಬೆಳಕಿನಲ್ಲಿ, ಬಿಳಿ ಬಟ್ಟೆಯ ಮೇಲೆ ಮುತ್ತು ಉರುಳಿಸಿದಳು. ನೆಟ್ಟಗೆ ಉರುಳಿದ್ದು ಈಚೆಗೆ, ಓಲಾಡಿದ್ದು ಆಚೆಗೆ. ಒಂದಕ್ಕೊಂದು ತೀಡಿದರೆ ತರಿತರಿ ಎನ್ನಬೇಕು, ಜಾರಿದರೆ ನಕಲಿ. ಹೊಳಪು ನೋಡಿದಳು, ಕಲೆ ನೋಡಿದಳು. ಕೊನೆಗೆ ಬಣ್ಣ. ಆ ಅಂಗಡಿಯಲ್ಲಿ ಗುಲಾಬಿ ಛಾಯೆಗೇ ಮೇಲಿನ ದರ್ಜೆ. ಇಷ್ಟೊಂದು ಗುಲಾಬಿಯೇ ಎಂದು ಅವಳಿಗೆ ಖುಷಿಯೋ ಖುಷಿ.

ಹಿರಿಯರು ಆ ಗುಲಾಬಿ ರಾಶಿಯನ್ನು ತಮ್ಮ ಮೇಜಿಗೆ ಒಯ್ದರು. ಅಲ್ಲಿ ಅದು ಬರೀ ಬಿಳಿ. ಮುತ್ತು ನೋಡಿದರು, ಅವಳ ಅಂಗಿ ನೋಡಿದರು. "ಏನಮ್ಮಾ ಇದು, ನೀನೇನಾ?" ಎಂದರು, ಅಷ್ಟೆ. ಜಾಗ ಇನ್ನೊಬ್ಬಳ ಪಾಲಾಯಿತು. ಬೂದಕ್ಕ ನಲ್ಲಿ ಬಿಟ್ಟುಕೊಂಡು ಅತ್ತಳು, ಆಮೇಲೆ ಮುಖ ತೊಳೆದಳು.

ಗಂಡ ಬಾಗಿಲಲ್ಲೇ ಕಾಯುತ್ತಿದ್ದ. "ಏನಂದ್ರೇ? ಚೆನ್ನಾಗಿದೆಯಂತಾ?"

"ಚೆನ್ನಾಗಿದೆಯಂತಾ ಅಂದ್ರೆ! ನನ್ನ ನೋಡಿ ಮುತ್ತೆಲ್ಲ ಕೆಂಪೇರಿಬಿಟ್ವು ಕಣ್ರೀ."

"ಹೋಗೇ, ಸುಳ್ಳುಬುರುಕಿ!" ಅವನು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. "ಮುಂದಿನ ಸಲ ಹಸಿರು ಹೊಲೀಲಾ?"

"ಹೊಲೀರಿ" ಎಂದಳು.