ಮೊಯಿದಿನಬ್ಬರ ತೂಕ

ಮೂಡುಬಿದಿರೆಯಲ್ಲಿ ಅಬ್ದುಲ್ ನಾಸಿರರ ಅಡಿಕೆ ಅಂಗಡಿಗೆ ಹೋದವರಿಗೆಲ್ಲ ಮೊಯಿದಿನಬ್ಬರು ಗೊತ್ತು. ಕರಾವಳಿಯ ಬ್ಯಾರಿ ಮುಸ್ಲಿಮರು, ಇಪ್ಪತ್ತೆಂಟು ವರ್ಷ ಅಲ್ಲಿ ತೂಕದ ಕೆಲಸ ಮಾಡಿದವರು. ಶಿರ್ತಾಡಿಯಿಂದ ಬೆಳಗಿನ ಮೊದಲ ಬಸ್ಸಿಗೆ ಬಂದು ನಿಂತರೆಂದರೆ, ಗೋಣಿ ತಕ್ಕಡಿಗೆ ಏರುವ ಮೊದಲೇ ಅದನ್ನೊಮ್ಮೆ ನೋಡಿ "ಅರುವತ್ತೆರಡೂವರೆ" ಎನ್ನುತ್ತಿದ್ದರು. ತಕ್ಕಡಿ ಆಮೇಲೆ ಹೌದೆನ್ನುತ್ತಿತ್ತು. ಒಮ್ಮೆ ನಾನು ಒಯ್ದ ಗೋಣಿಗೆ ಕೈಹಾಕಿ, ಮೂಸಿ, "ಮಾಸ್ಟ್ರೇ, ಇದು ನೀರು ಕುಡಿದಿದೆ. ಒಣಗಿಸಿ ನಾಡಿದ್ದು ತನ್ನಿ" ಎಂದಿದ್ದರು. ರಾತ್ರಿ ಮಳೆ ಬಂತು ಎಂದೆ. ಅದು ಮಾರ್ಚ್ ತಿಂಗಳು. ಅವರು ನಕ್ಕರು, ನಾನು ನಗದೆ ಗೋಣಿ ವಾಪಸು ಒಯ್ದೆ.

ಅವರ ಎಡಗಾಲು ಆನೆಕಾಲು. ಸೊಳ್ಳೆ ಕಚ್ಚಿ ಮೈಯೊಳಗೆ ಹೊಕ್ಕ ಹುಳ ಹರೆಯದಲ್ಲೇ ಆ ಕಾಲನ್ನು ಕಂಬದಷ್ಟು ಮಾಡಿಟ್ಟಿತ್ತು. ಹೊಸಬರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತಿತ್ತು. "ನೋಡಿ ಆಯಿತಾ? ಇನ್ನು ಅಡಿಕೆ ನೋಡುವ" ಎಂದು ಅವರೇ ಮಾತು ಮುಂದುವರಿಸುತ್ತಿದ್ದರು.

ತೊಂಬತ್ತೊಂಬತ್ತರ ಮಳೆಗಾಲ ಮುಗಿಯುವ ಹೊತ್ತಿಗೆ ಅವರಿಗೆ ಏದುಸಿರು ಶುರುವಾಯಿತು. ಮಲಗಿದರೆ ಉಸಿರು ಕಟ್ಟುತ್ತಿತ್ತು; ಗೋಡೆಗೆ ಒರಗಿ ಕೂತೇ ನಿದ್ದೆ. ಬಲಗಾಲೂ ಬಾತುಕೊಂಡಿತು. ಬಂಟ್ವಾಳದಲ್ಲಿ ಒಬ್ಬರಿಗೆ ತೋರಿಸಿದರು, ಬೆಳ್ತಂಗಡಿಯಲ್ಲಿ ಇನ್ನೊಬ್ಬರಿಗೆ. ಇಬ್ಬರೂ ಎಡಗಾಲು ನೋಡಿ ಹುಳದ ಮಾತ್ರೆ ಬರೆದರು. ಅವರ ಹೆಂಡತಿ ಆಸ್ಯಮ್ಮ, "ಡಾಕ್ಟ್ರೇ, ದಮ್ಮು ಕಟ್ಟುವುದು ಎದೆಯಲ್ಲಿ, ಕಾಲಲ್ಲಿ ಅಲ್ಲ" ಎಂದರೂ ಎದೆಬಡಿತ ಕೇಳುವ ಕೊಳವೆಯನ್ನು ಯಾರೂ ಎದೆಗೆ ಇಡಲಿಲ್ಲ. ಕೊನೆಗೆ ಮೂಡುಬಿದಿರೆಯ ಆಸ್ಪತ್ರೆಯೊಂದಕ್ಕೆ ಹೊಸದಾಗಿ ಬಂದಿದ್ದ ಡಾಕ್ಟರಮ್ಮ ಕೊಳವೆ ಇಟ್ಟು ಕೇಳಿದರು. ಹೃದಯ ಸೋತಿದೆ, ರಕ್ತ ಒತ್ತುವ ಶಕ್ತಿ ಕಡಿಮೆಯಾಗಿ ಮೈಯಲ್ಲಿ ನೀರು ನಿಂತಿದೆ ಎಂದು ಹೇಳಿ ದಾಖಲು ಮಾಡಿಕೊಂಡರು.

ಅದೇ ವಾರ್ಡಿನಲ್ಲಿ ನಾನೂ ಇದ್ದೆ. ಮದುವೆಯೊಂದರಲ್ಲಿ ಕೋಳಿಸಾರು ಸುರಿದ ಕೋರಿರೊಟ್ಟಿಯನ್ನು ಮೂರನೆಯ ಸಲ ಹಾಕಿಸಿಕೊಂಡ ನಂತರ ನನಗೆ ಎದೆನೋವು ಬಂದಿತ್ತು. ಪರೀಕ್ಷೆಯಲ್ಲಿ ಹೃದಯ ನಿರಪರಾಧಿ ಎಂದು ತಿಳಿಯಿತು. ಆದರೂ ರಕ್ತದೊತ್ತಡ ಹೆಚ್ಚಿದೆ, ಹತ್ತು ಹನ್ನೆರಡು ದಿನ ಇರಲಿ ಎಂದು ಫ್ಯಾನಿನ ಕೆಳಗಿನ ಮಂಚ ಕೊಟ್ಟರು. ನಿಜವಾಗಿ ಹೃದಯ ಸೋತ ಮೊಯಿದಿನಬ್ಬರಿಗೆ ಸಿಕ್ಕಿದ್ದು ವಾರ್ಡಿನ ಬಾಗಿಲಾಚೆ, ಜಗಲಿಯಲ್ಲಿ ಹಾಕಿದ ಮಂಚ. ಹಾಗೆಂದು ಯಾರೂ ಆಜ್ಞೆ ಮಾಡಿರಲಿಲ್ಲ. ಪಕ್ಕದ ಮಂಚದವರು "ಅದು ಹರಡುತ್ತದಂತೆ" ಎಂದರು. ಆನೆಕಾಲು ಹರಡುವುದು ಸೊಳ್ಳೆಯಿಂದ, ಮುಟ್ಟುವುದರಿಂದ ಅಲ್ಲ ಎಂದು ಇಪ್ಪತ್ತು ವರ್ಷ ಮಕ್ಕಳಿಗೆ ಕಲಿಸಿದ ನಾನು ಎದ್ದು, ಬಾಗಿಲ ಬಳಿ ಬಿಟ್ಟಿದ್ದ ನನ್ನ ಚಪ್ಪಲಿ ತಂದು ಮಂಚದಡಿಗೆ ಇಟ್ಟುಕೊಂಡೆ.

ಹೃದಯದ ರೋಗಿಗಳನ್ನು ಅಲ್ಲಿ ದಿನಾ ಬೆಳಿಗ್ಗೆ ತೂಗುತ್ತಿದ್ದರು. ತೂಕ ಏರಿದರೆ ಮೈಯಲ್ಲಿ ನೀರು ಹೆಚ್ಚಿದೆ ಎಂದರ್ಥ. ಡಾಕ್ಟರಮ್ಮ ನೀರು ಇಳಿಸುವ ಇಂಜೆಕ್ಷನ್ ಹೆಚ್ಚಿಸುತ್ತಿದ್ದರು. ಸಿಸ್ಟರ್ ಜಲಜಾಕ್ಷಿ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಬರೆದುಕೊಳ್ಳುವರು. ಮೊಯಿದಿನಬ್ಬರ ಹಾಳೆಯಲ್ಲಿ ಮಾತ್ರ ತೂಕದ ಜಾಗದಲ್ಲಿ "ಆನೆಕಾಲು" ಎಂದು ಬರೆದಿತ್ತು. ಹಾಗಾಗಿ ಅವರ ಇಂಜೆಕ್ಷನ್ ದಾಖಲಾದ ದಿನ ಎಷ್ಟಿತ್ತೋ ಅಷ್ಟೇ ಉಳಿಯಿತು. ನಾಲ್ಕನೆಯ ದಿನ ಅವರಿಗೆ ಒಂದು ವಾಕ್ಯ ಒಂದೇ ಉಸಿರಿನಲ್ಲಿ ಮುಗಿಸಲಾಗುತ್ತಿರಲಿಲ್ಲ. ಆಸ್ಯಮ್ಮ ಬೆನ್ನಿಗೆ ದಿಂಬು ಕೊಟ್ಟು ಹಿಡಿದುಕೊಂಡಿದ್ದರು.

"ಸಿಸ್ಟರೇ, ನನ್ನನ್ನು ತೂಗುವುದಿಲ್ಲವಾ?" ಎಂದು ಕೇಳಿದರು.

"ಈ ಪುಟ್ಟ ತಕ್ಕಡಿಯಲ್ಲಿ ನಿಮ್ಮ ಕಾಲು ನಿಲ್ಲುವುದಿಲ್ಲ ಬ್ಯಾರಿಗಳೇ. ನಿಂತರೂ ಆ ಕಾಲಿನ ಭಾರ ಸೇರಿ ಲೆಕ್ಕ ತಪ್ಪುತ್ತದೆ."

ಮೊಯಿದಿನಬ್ಬರು ಸ್ವಲ್ಪ ಉಸಿರು ಕೂಡಿಸಿಕೊಂಡರು. "ಗೋಣಿ ಭಾರ ಉಂಟೆಂದು ಅಡಿಕೆ ತೂಗದೆ ಇರ್ತೇವಾ? ಈ ಕಾಲು ಇಂದೂ ಇಷ್ಟೇ, ನಾಳೆಯೂ ಇಷ್ಟೇ. ಹೆಚ್ಚು ಕಮ್ಮಿ ಆಗುವುದು ನೀರು. ನಿಮಗೆ ಬೇಕಾದದ್ದು ಅದೇ ಅಲ್ಲವಾ?"

ಜಲಜಾಕ್ಷಿ ಹಾಳೆಯಲ್ಲಿ ಬರೆದದ್ದನ್ನು ಮತ್ತೊಮ್ಮೆ ನೋಡಿದರು. "ಅದು ಸರಿ" ಎಂದರು ಮೆಲ್ಲಗೆ. "ಆದರೆ ನಿಲ್ಲುವುದೆಲ್ಲಿ?"

"ಮಾಸ್ಟ್ರೇ," ಬಾಗಿಲಾಚೆಯಿಂದ ನನ್ನನ್ನು ಕರೆದರು, "ನಿಮಗೆ ಹೇಗೂ ಏನೂ ಆಗಿಲ್ಲ. ಆಫೀಸಿನ ಫೋನಿನಿಂದ ನಾಸಿರ್‌ಗೆ ಒಂದು ಮಾತು ಹೇಳಿ. ದೊಡ್ಡ ತಕ್ಕಡಿ ಬೇಕಂತೆ ಎನ್ನಿ."

ಒಂದು ಗಂಟೆಯೊಳಗೆ ಟೆಂಪೋ ಬಂತು. ಗೋಣಿ ತೂಗುವ ಕಬ್ಬಿಣದ ಹಲಗೆಯ ತಕ್ಕಡಿಯನ್ನು ಇಬ್ಬರು ಹೊತ್ತು ತಂದು ಜಗಲಿಯಲ್ಲಿ ಇಟ್ಟರು. ಮೊಯಿದಿನಬ್ಬರು ಗೋಡೆ ಹಿಡಿದು ಎದ್ದು, ತಕ್ಕಡಿಯ ಮುಳ್ಳು ನಡುವಿಗೆ ನಿಂತಿದೆಯೇ ಎಂದು ಮೊದಲು ನೋಡಿದರು. ಆಮೇಲೆ ಎರಡೂ ಕಾಲಿಟ್ಟು ಹತ್ತಿದರು. ಎಪ್ಪತ್ತೊಂದು ಕಿಲೋ ನಾನೂರು ಗ್ರಾಂ. ಮರುದಿನ ಅದೇ ಹೊತ್ತಿಗೆ ಎಪ್ಪತ್ತೆರಡು ಇನ್ನೂರು.

ಡಾಕ್ಟರಮ್ಮ ಸುತ್ತು ಬಂದಾಗ ಅವರೇ ವರದಿ ಒಪ್ಪಿಸಿದರು. "ಡಾಕ್ಟ್ರೇ, ಒಂದೇ ದಿನಕ್ಕೆ ಎಂಟುನೂರು ಗ್ರಾಂ ಏರಿದೆ. ನಮ್ಮ ಅಂಗಡಿಯಲ್ಲಿ ಹೀಗಾದರೆ ಗೋಣಿಗೆ ನೀರು ಹೊಡೆದಿದ್ದಾರೆ ಎಂದೇ ಲೆಕ್ಕ. ಬೇಕಾದರೆ ಮಾಸ್ಟ್ರನ್ನು ಕೇಳಿ, ಅವರಿಗೆ ಅನುಭವ ಉಂಟು."

ನಾನು ಸೀಲಿಂಗ್ ನೋಡಿದೆ. ಡಾಕ್ಟರಮ್ಮ ಹಾಳೆ ತೆಗೆದು, ಮೊದಲ ಮೂರು ದಿನಗಳ "ಆನೆಕಾಲು, ಆನೆಕಾಲು, ಆನೆಕಾಲು" ಓದಿದರು. "ತಪ್ಪು ನಮ್ಮದು ಬ್ಯಾರಿಗಳೇ" ಎಂದರು. ಇಂಜೆಕ್ಷನ್ ಎರಡು ಪಟ್ಟಾಯಿತು. ನಂತರ ಈಗಷ್ಟೇ ಕಂಡವರಂತೆ ಜಗಲಿ ನೋಡಿ, "ಈ ಮಂಚ ಯಾಕೆ ಹೊರಗುಂಟು?" ಎಂದು ಕೇಳಿದರು. ಫ್ಯಾನಿನ ಕೆಳಗಿನ ಮಂಚ ಖಾಲಿ ಮಾಡಲು ನಾನೇ ಎದ್ದೆ; ಔದಾರ್ಯ ಎಂದುಕೊಳ್ಳಬೇಡಿ, ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

ಆ ರಾತ್ರಿಯಿಂದ ಮುಳ್ಳು ಇಳಿಯತೊಡಗಿತು. ದಿನಕ್ಕೊಂದು ಕಿಲೋ, ಕೆಲವೊಮ್ಮೆ ಒಂದೂಕಾಲು. ಹಾಗೆ ಇಳಿಯತೊಡಗಿದ ಐದನೆಯ ದಿನ ಮೊಯಿದಿನಬ್ಬರು ಕಾಲು ಚಾಚಿ, ಅಂಗಾತ ಮಲಗಿ, ಗೊರಕೆ ಹೊಡೆದರು. ಪಕ್ಕದ ಮಂಚದವರು ದೂರಲು ಬಾಯಿ ತೆರೆದಾಗ ಆಸ್ಯಮ್ಮ ಬೆರಳು ತುಟಿಗಿಟ್ಟರು. "ಎರಡು ತಿಂಗಳಾಯಿತು ಇವರು ಮಲಗಿ. ಹೊಡೆಯಲಿ ಬಿಡಿ." ಅವರು ಹೊದಿಕೆಯನ್ನು ಕಿವಿಗೆ ಎಳೆದುಕೊಂಡರು.

ತಕ್ಕಡಿ ಬಂದ ಮೇಲೆ ಎಲ್ಲರನ್ನೂ ಅದರಲ್ಲೇ ತೂಗುವುದೆಂದಾಯಿತು. ನಾನು ಹತ್ತಿದ ದಿನ ಮೊಯಿದಿನಬ್ಬರು ಮಂಚದಿಂದಲೇ "ಎಂಬತ್ತನಾಲ್ಕು" ಎಂದರು. ಎಂಬತ್ತನಾಲ್ಕೇ ಇತ್ತು. "ಇದರಲ್ಲಿ ನೀರಿಲ್ಲ ಸಿಸ್ಟರೇ, ಎಲ್ಲ ಗಟ್ಟಿ ಮಾಲು" ಎಂದು ಷರಾ ಬರೆಸಿದರು.

ಅವರು ಮನೆಗೆ ಹೋದದ್ದು ಅರುವತ್ತೈದೂವರೆ ಕಿಲೋದಲ್ಲಿ. ಹೃದಯ ಪೂರ್ತಿ ಗುಣವಾಗುವುದಿಲ್ಲ, ಉಪ್ಪು ಬಿಡಬೇಕು, ಮಾತ್ರೆ ತಪ್ಪಬಾರದು, ಗೋಣಿ ಎತ್ತಬಾರದು ಎಂದರು ಡಾಕ್ಟರಮ್ಮ. ಎತ್ತುವುದನ್ನು ಬಿಟ್ಟರು, ತೂಗುವುದನ್ನು ಬಿಡಲಿಲ್ಲ. ಎರಡು ಸಾವಿರದ ಎಂಟರವರೆಗೂ, ಅಂಗಡಿ ತೆರೆದ ಕೂಡಲೇ ಮೊದಲು ತಾವೇ ತಕ್ಕಡಿ ಹತ್ತಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಆಮೇಲೆ ಅಡಿಕೆಗೆ ಕೈಹಾಕುತ್ತಿದ್ದರು.

ಅಂಗಡಿಯ ತಕ್ಕಡಿ ಮರಳಿಸಿ ಆಸ್ಪತ್ರೆಯವರು ಅಂಥದೇ ಇನ್ನೊಂದನ್ನು ತರಿಸಿದ್ದರು. ಮೊಯಿದಿನಬ್ಬರು ತಿಂಗಳಿಗೊಮ್ಮೆ ಅಲ್ಲಿಗೆ ತೋರಿಸಲು ಬರುವಾಗ ರಕ್ತದೊತ್ತಡದ ನೆಪದಲ್ಲಿ ನಾನೂ ಸಿಗುತ್ತಿದ್ದೆ. ಒಂದು ದಿನ ತೂಕದ ಸಾಲಿನಲ್ಲಿ ಅವರ ಮುಂದೆ ನಾರಾವಿಯ ಸಂಕಪ್ಪ ಎಂಬವರು ನಿಂತಿದ್ದರು. ಅವರಿಗೂ ಏದುಸಿರು, ಅವರಿಗೂ ಆನೆಕಾಲು. ಸಾಲಿನಿಂದ ಸರಿದು ಗೋಡೆಯ ಬದಿಗೆ ಹೋಗಲು ನೋಡಿದರು.

"ಎಲ್ಲಿಗೆ ಮಾರಾಯ್ರೆ? ನಿಮ್ಮ ಸರದಿ" ಎಂದರು ಜಲಜಾಕ್ಷಿ, ಹಾಳೆಯಿಂದ ತಲೆಯೆತ್ತದೆ. "ಎರಡೂ ಕಾಲು ಇಡಿ."